ದಂಡಿನ ಪೇಯ, ಪೇಟೆಯ ಪಾತ್ರೆ

ಬಿಯರ್ ಮಾಡುವುದಕ್ಕೆ ಬೇಕಾದ ಸಾಮಾನೆಲ್ಲ ಬೆಂಗಳೂರಿನ ಪೇಟೆಯಲ್ಲಿತ್ತು. ಬಿಯರ್ ಮಾತ್ರ ದಂಡಿನಲ್ಲಿತ್ತು. ಗೋರಾ ಸೋಲ್ಜರುಗಳಿಗೆಂದು ಪೀಪಾಯಿಗಟ್ಟಲೆ ಬಿಯರ್ ಇಳಿಯುತ್ತಿದ್ದದ್ದು ಆ ಕಡೆ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಸಣ್ಣ ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಈಗ ಯು.ಬಿ. ಸಿಟಿಯ ಗೋಪುರಗಳು ನಿಂತಿರುವ ವಿಠಲ ಮಲ್ಯ ರಸ್ತೆ ಆಗ ಗ್ರಾಂಟ್ ರಸ್ತೆ. ಬ್ರೂವರಿ ಇದ್ದದ್ದು ಅಲ್ಲೇ. ಈ ಕಡೆ, 1892ರಲ್ಲಿ ಬಡಾವಣೆಯಾದ ನಮ್ಮ ಚಾಮರಾಜಪೇಟೆ, 1898ರ ಪ್ಲೇಗಿಗೆ ಹೆದರಿ ಜನ ಬಂದು ನೆಲೆಸಿದ ಬಸವನಗುಡಿ, ಮಲ್ಲೇಶ್ವರ. ಇಲ್ಲಿನ ಮನೆಗಳಲ್ಲಿ ಬಿಯರ್ ಎಂಬ ಮಾತು ಬಂದರೆ ದೊಡ್ಡವರು ಗಂಟಲು ಸರಿಮಾಡಿಕೊಂಡು ಬೇರೆ ವಿಷಯ ಎತ್ತುತ್ತಿದ್ದರು. ಆದರೆ ಧಾನ್ಯಕ್ಕೆ ಮೊಳಕೆ ಬರಿಸುವ ವಿದ್ಯೆ, ಐವತ್ತು ಲೀಟರಿನ ಕೊಳಗ, ಶೀಸೆಗೆ ಮುಚ್ಚಳ ಒತ್ತುವ ಯಂತ್ರ, ದ್ರವದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ ಎಲ್ಲ ನಮ್ಮ ಕಡೆಯೇ ಇದ್ದವು. ಬೇರೆ ಬೇರೆ ಕಸುಬಿನವರ ಕೈಯಲ್ಲಿ ಹಂಚಿಹೋಗಿದ್ದವು, ಅಷ್ಟೆ.

ಇದನ್ನು ನನಗೆ ಕಾಣಿಸಿಕೊಟ್ಟವನು ಅಕ್ಕನ ಮಗ. ಅಕ್ಕನ ಮನೆ ಮಲ್ಲೇಶ್ವರದಲ್ಲಿ. ಇವನು ಓದು ಮುಗಿಸಿ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋಗಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದ. ಆ ಊರಿನವರಿಗೆ ಬಿಯರಿನ ಹುಚ್ಚು ಜಾಸ್ತಿ. ಅಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ ಮನೆಬಳಕೆಗೆ ಬಿಯರ್ ಮಾಡಿಕೊಂಡರೆ ಕೇಂದ್ರ ಸರ್ಕಾರದ ತೆರಿಗೆ ಇಲ್ಲ. ಒಬ್ಬ ವಯಸ್ಕನಿದ್ದ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200, ಮಾರುವ ಹಾಗಿಲ್ಲ. ಸ್ನೇಹಿತರ ಗ್ಯಾರೇಜಿನಲ್ಲಿ ಕಲಿತು ಇವನೂ ಶುರುಮಾಡಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ, ಕಡಲೆಕಾಯಿ ಪರಿಷೆಯ ಹೊತ್ತಿಗೆ ರಜೆಯ ಮೇಲೆ ಬಂದವನು ನನ್ನ ಮನೆಯ ಜಗುಲಿಯಲ್ಲಿ ಕೂತು, "ಮಾಮ, ಅಮ್ಮನ ಹತ್ರ ಹೇಳ್ಬೇಡ. ನನಗೊಂದು ಒಳ್ಳೇ ಹೈಡ್ರೋಮೀಟರ್ ಬೇಕು, ಒಂದು ದೊಡ್ಡ ಪಾತ್ರೆ ಬೇಕು. ಹಳೇದೇ ಆಗ್ಬೇಕು," ಅಂದ.

ಹಳೆಯದೇ ಯಾಕೆ ಎಂದರೆ ಎರಡು ಕಾರಣ. ಅಲ್ಲಿ ದಪ್ಪ ಸ್ಟೀಲಿನ ದೊಡ್ಡ ಪಾತ್ರೆಗೆ ಕೊಡಬೇಕಾದ ಡಾಲರಿಗೆ ಇಲ್ಲಿ ಮದುವೆ ಮನೆಯ ಅರ್ಧ ಪಾತ್ರೆ ಸಾಮಾನು ಬರುತ್ತಿತ್ತು. ಎರಡನೆಯದು, ಅವನಿಗೆ ಹಳೆಯ ಹಿತ್ತಾಳೆ, ತಾಮ್ರ ಕಂಡರೆ ಆಸೆ. ಅದು ನಮ್ಮ ಮನೆತನದ ರೋಗ. ನನ್ನನ್ನೇ ಕೇಳಿದ್ದಕ್ಕೂ ಕಾರಣವಿತ್ತು. ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಜೀವಮಾನ ಕಳೆದವನು ನಾನು. ಒಡೆದ ಬ್ಯೂರೆಟ್, ಕಳೆದುಹೋದ ತೂಕದ ಬಿಲ್ಲೆಗಳಿಗೆ ಬದಲಿ ಹುಡುಕುತ್ತ ಪೇಟೆಯ ಗುಜರಿಗಳನ್ನು ಸುತ್ತಿದ್ದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವ ಹಾಗಿಲ್ಲ. ಕೊಂಡದ್ದೆಲ್ಲ ವಿಮಾನ ಹತ್ತಿತು. ಆಗ ಅಮೆರಿಕಕ್ಕೆ ಹೋಗುವವರು ತಲಾ 32 ಕಿಲೋದ ಎರಡು ಪೆಟ್ಟಿಗೆ ಒಯ್ಯಬಹುದಿತ್ತು. ಬೇರೆಯವರ ಮಕ್ಕಳು ಕುಕ್ಕರು, ಇಡ್ಲಿ ಸ್ಟ್ಯಾಂಡು, ಮಿಕ್ಸಿ ಒಯ್ದರು. ಇವನು ಕೊಳಗ ಒಯ್ದ. ಗುಟ್ಟು ಎರಡು ದಿನವೂ ನಿಲ್ಲಲಿಲ್ಲವೆನ್ನಿ; ಅಕ್ಕ ಒಂದಷ್ಟು ಕೂಗಾಡಿ, ಆಮೇಲೆ ಅದೇ ಕೊಳಗದೊಳಗೆ ಮೆಂತ್ಯದ ಹಿಟ್ಟು, ಚಟ್ನಿಪುಡಿ, ಹುರಿಹಿಟ್ಟಿನ ಪೊಟ್ಟಣ ತುಂಬಿ ಕಳಿಸಿದಳು. "ಜಾಗ ಯಾಕೆ ದಂಡ ಮಾಡ್ಬೇಕು" ಎಂಬುದು ಅವಳ ವಾದ.

ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಅವುಗಳ ಮುಂದಿನ ಫುಟ್‌ಪಾತ್ ತೆರೆಯುತ್ತದೆ. ಸಂಡೆ ಬಜಾರ್ ಅನ್ನುವವರು ಅನ್ನುತ್ತಾರೆ, ಚೋರ್ ಬಜಾರ್ ಅನ್ನುವವರೂ ಇದ್ದಾರೆ. ಟಾರ್ಪಾಲಿನ ಮೇಲೆ ಒಂಟಿ ಶೂ, ರೇಡಿಯೋದ ಹೊಟ್ಟೆ, ಡೆಂಟಿಸ್ಟನ ಚಿಮಟ, ಯಾರದೋ ಮದುವೆಯ ಬೆಳ್ಳಿಲೇಪದ ಟ್ರೇ, ಎಲ್ಲ ಒಂದೇ ಪಂಕ್ತಿ. ಮಾರುವವನಿಗೆ ಮಾಲಿನ ಹೆಸರು ಗೊತ್ತಿರುವುದಿಲ್ಲ, ಬೆಲೆ ಗೊತ್ತಿರುತ್ತದೆ. ಅದೂ ಕೊಳ್ಳುವವನ ಕಣ್ಣು ನೋಡಿ. ಹಾಗಾಗಿ ನಾನು ಹುಡುಗನಿಗೆ ಕಲಿಸಿದ ಮೊದಲ ಪಾಠ: ಇದೇನು ಅಂತ ಕೇಳಬೇಡ, ಎಲ್ಲಿಂದ ಬಂತು ಅಂತ ಕೇಳು. "ಇದೇನಪ್ಪಾ?" ಅಂದರೆ ಸಿಗುವುದು ಸುಳ್ಳು, ಇಲ್ಲವೇ ಹೆಗಲು ಕುಣಿತ. "ಯಾವ ಕಡೆ ಮಾಲು?" ಅಂದರೆ ಹೇಳುತ್ತಾರೆ: ಡೈರಿದು, ಆಸ್ಪತ್ರೆದು, ಕಾಲೇಜುದು, ಛತ್ರದ್ದು. ಅಷ್ಟು ಸಿಕ್ಕರೆ ಮುಕ್ಕಾಲು ಕೆಲಸ ಆದಂತೆ.

ಕಾಲೇಜಿನ ಮಾಲು ನನಗೆ ಕೇಳದೆಯೂ ಗೊತ್ತಾಗುತ್ತಿತ್ತು. ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಶನ್ ಆಗಿ, ಕೆಟ್ಟದ್ದು ಹಳೆಯದ್ದರ ಪಟ್ಟಿ ತಯಾರಾಗಿ, ಹರಾಜಿನಲ್ಲಿ ಗುಜರಿಯವನ ಪಾಲಾಗುತ್ತದೆ. ಆದರೆ ಪ್ರತಿ ಉಪಕರಣದ ಬುಡದಲ್ಲಿ ಅಟೆಂಡರ್ ಸಣ್ಣ ಕುಂಚದಿಂದ ಬಿಳಿ ಎನಾಮಲ್ ಬಣ್ಣದಲ್ಲಿ ಬರೆದ ನಂಬರು ಹಾಗೇ ಉಳಿದಿರುತ್ತದೆ. ಇಲಾಖೆಯ ಮೊದಲಕ್ಷರ, ಗೆರೆ, ರಿಜಿಸ್ಟರಿನ ಪುಟ, ಇನ್ನೊಂದು ಗೆರೆ, ವರ್ಷ. ಆ ಬಿಳಿ ಬಣ್ಣ ಕಂಡರೆ ನಾನು ಕೂರುತ್ತಿದ್ದೆ.

ಹೈಡ್ರೋಮೀಟರಿನ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಬಿಯರ್ ಮಾಡುವವನಿಗೆ ಅದೇ ಕಣ್ಣು. ಮೊಳಕೆ ಬಂದ ಬಾರ್ಲಿಯನ್ನು ಒಡೆದು 65ರಿಂದ 68 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಪಿಷ್ಟ ಸಕ್ಕರೆಯಾಗಿ ಇಳಿಯುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿಹೂವು ಹಾಕಿ ಕುದಿಸಿ, ಬೇಗ ಆರಿಸಿ, ಯೀಸ್ಟ್ ಬೆರೆಸಿ ಮುಚ್ಚಿಟ್ಟರೆ ಯೀಸ್ಟು ಸಕ್ಕರೆ ತಿಂದು ಮದ್ಯಸಾರ ಮಾಡುತ್ತದೆ. ಶುರುವಿನಲ್ಲಿ ಸಿಹಿನೀರಿನ ಸಾಪೇಕ್ಷ ಸಾಂದ್ರತೆ ಸುಮಾರು 1.050; ಮುಗಿಯುವಾಗ 1.010ರ ಆಸುಪಾಸು. ಈ ಎರಡು ಅಂಕಿಯ ಅಂತರವೇ ಬಿಯರಿನ ಜಾತಕ. ಅಂತರವನ್ನು 131ರಿಂದ ಗುಣಿಸಿದರೆ ಮದ್ಯಸಾರ ನೂರಕ್ಕೆ ಎಷ್ಟೆಂದು ತಿಳಿಯುತ್ತದೆ. ಅಂದರೆ ಬೇಕಾದ ಕೊಳವೆಯ ಮೇಲೆ 1.000ದಿಂದ 1.100ರವರೆಗಾದರೂ ಗೆರೆ ಇರಬೇಕು.

ಪೇಟೆಯಲ್ಲಿ ಹೈಡ್ರೋಮೀಟರಿಗೆ ಬರವಿಲ್ಲ, ಈ ಗೆರೆಗೆ ಬರ. ಜೆ.ಸಿ. ರಸ್ತೆಯ ಮೋಟಾರು ಬಿಡಿಭಾಗದವರ ಹತ್ತಿರ ಇರುವುದು ಬ್ಯಾಟರಿ ಆಸಿಡ್ಡಿನದು: ರಬ್ಬರ್ ಬುರುಡೆ, ಗಾಜಿನ ಪಿಚಕಾರಿ, ಒಳಗೊಂದು ಪುಟ್ಟ ತೇಲು. ಅದರ ಅಳತೆ ಶುರುವಾಗುವುದೇ 1.100ರಿಂದ, ಮುಗಿಯುವುದು 1.300ಕ್ಕೆ. ಸಿಹಿನೀರಿಗೆ ಹಾಕಿದರೆ ತಳ ಸೇರಿ ಮಲಗುತ್ತದೆ. ಅದೂ ಅಲ್ಲದೆ ಸಲ್ಫ್ಯೂರಿಕ್ ಆಸಿಡ್ ಕುಡಿದ ರಬ್ಬರನ್ನು ಅಡುಗೆಮನೆಗೆ ತರುವುದೆಂತು! ಎರಡನೆಯದು ಲ್ಯಾಕ್ಟೋಮೀಟರ್. ಹಾಲಿನವನ ಮೇಲೆ ನಂಬಿಕೆ ಇಲ್ಲದ ಮನೆಗಳಲ್ಲೆಲ್ಲ ಒಂದಿತ್ತು. ಮೇಲೆ ಡಬ್ಲ್ಯು, ಕೆಳಗೆ ಎಂ, ನಡುವೆ ಕಾಲು, ಅರ್ಧ, ಮುಕ್ಕಾಲಿನ ಗೆರೆ. ಜಗಳಕ್ಕೆ ಅಷ್ಟು ಸಾಕು, ಲೆಕ್ಕಕ್ಕೆ ಸಾಲದು. ಡೈರಿಯವರದಾದರೆ 15ರಿಂದ 40ರವರೆಗೆ ಅಂಕಿ ಇರುತ್ತದೆ; 28 ಅಂದರೆ 1.028. ಬಿಯರಿಗೆ ಅದೂ ಎರಡು ಕಡೆಯಿಂದ ಸೋತಿತು: ಶುರುವಿನಲ್ಲಿ ಗೆರೆಯೆಲ್ಲ ನೀರಿನ ಮೇಲೆ, ಕೊನೆಯಲ್ಲಿ ಗೆರೆಯೆಲ್ಲ ನೀರಿನ ಒಳಗೆ.

ನಮಗೆ ಬೇಕಾದದ್ದು ಸಿಕ್ಕಿದ್ದು ಸರ್ಜರಿ ಕತ್ತರಿಗಳ ರಾಶಿಯ ಕೆಳಗೆ, ಬಿಳಿ ನಂಬರಿನ ಮರದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯಲ್ಲಿ ನಾಲ್ಕು ಕೊಳವೆಗಳ ಗುಂಡಿ, ಉಳಿದದ್ದು ಎರಡು. ಒಂದು ನೀರಿಗಿಂತ ಹಗುರ ದ್ರವದ್ದು, ಇನ್ನೊಂದು 1.000–1.100, ಕತ್ತಿನ ಹತ್ತಿರ 60 ಡಿಗ್ರಿ ಫ್ಯಾರನ್‌ಹೀಟ್ ಎಂದು ಬರೆದದ್ದು. ಹುಡುಗನ ಮುಖ ಅರಳುವುದನ್ನು ಕಂಡು ಅವನ ಕಾಲು ಒತ್ತಿದೆ. ಅಂಗಡಿಯವರು ಹಿರಿಯ ಸಾಬರು, ನನ್ನ ಹಳೆಯ ಪರಿಚಯ. "ಮೇಷ್ಟ್ರೇ, ಜ್ವರ ನೋಡೋದು, ದೊಡ್ಡ ಸೈಜು. ಆನೆಗೆ," ಅಂದರು. ನಗುತ್ತಲೇ ಹೇಳಿದರೋ ನಿಜವಾಗಿ ಹೇಳಿದರೋ ಇವತ್ತಿಗೂ ತಿಳಿಯದು. ಬೆಲೆ ಮಾತ್ರ ಆನೆಯದಾಗಿರಲಿಲ್ಲ.

ಹಳೆಯ ಹೈಡ್ರೋಮೀಟರಿನ ದೊಡ್ಡ ಖಾಯಿಲೆ ಎಂದರೆ ಒಳಗಿನ ಕಾಗದ. ಗಾಜಿನ ಕತ್ತಿನೊಳಗೆ ಅಂಟಿಸಿದ ಅಳತೆಪಟ್ಟಿ ಅಂಟು ಒಣಗಿ ಕೂದಲೆಳೆಯಷ್ಟು ಜಾರಿರುತ್ತದೆ. ಹೊರಗಿನಿಂದ ನೋಡಿದರೆ ರಾಜನಂತೆ ನಿಂತಿರುತ್ತದೆ, ಹೇಳುವುದೆಲ್ಲ ಸುಳ್ಳು. ಮೊದಲು ಕೊಳವೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಬೇಕು. ಬುಡದ ಸೀಸದ ಗುಂಡು ಸಡಿಲವಾಗಿದ್ದರೆ ಸದ್ದು ಬರುತ್ತದೆ. ಆಮೇಲೆ ಮನೆಯಲ್ಲಿ ನೀರಿನ ಪರೀಕ್ಷೆ. ಬೆಂಗಳೂರಿನ ಚಳಿಗಾಲದ ಮಧ್ಯಾಹ್ನದ ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದರೆ, 60 ಫ್ಯಾರನ್‌ಹೀಟಿಗೆ ಅಂದರೆ 15.5 ಸೆಲ್ಸಿಯಸಿಗೆ ಹೊಂದಿಸಿದ ಕೊಳವೆ 1.000 ತೋರಿಸಬಾರದು, 0.998 ತೋರಿಸಬೇಕು. ಸರಿಯಾಗಿ ಒಂದು ತೋರಿಸಿದರೇ ಅನುಮಾನಪಡಬೇಕು. ಇನ್ನೊಂದು ತುದಿಗೆ ಸಕ್ಕರೆ ಸಾಕು: 10 ಗ್ರಾಂ ಸಕ್ಕರೆಯನ್ನು 90 ಗ್ರಾಂ ನೀರಿಗೆ ಹಾಕಿ ಕರಗಿಸಿದರೆ 1.040. ಕೊಳವೆ ಮುಳುಗುವಷ್ಟು ಬೇಕಲ್ಲ, ಅದಕ್ಕೆ ಅದೇ ಪ್ರಮಾಣದಲ್ಲಿ ಹೆಚ್ಚಿಗೆ ಮಾಡಿ, ಅಕ್ಕನ ಮನೆಯ ಉದ್ದ ಹಿತ್ತಾಳೆ ಹೂದಾನಿಯಲ್ಲಿ ಇಳಿಬಿಟ್ಟೆವು. ಎರಡು ಕಡೆಯೂ ಒಂದೇ ಅಂತರದಲ್ಲಿ ತಪ್ಪಿದರೆ ಕಾಗದ ಜಾರಿದೆ ಎಂದು ಅರ್ಥ. ಆಗ ಕೂಡಿ ಕಳೆದು ಬಳಸಬಹುದು. ನಮ್ಮದು ತಪ್ಪಲಿಲ್ಲ. ಅಕ್ಕ ಬಂದು, ಪಾನಕ ಮಾಡಿ ಅದರಲ್ಲಿ ಥರ್ಮಾಮೀಟರ್ ಬಿಟ್ಟುಕೊಂಡು ಕೂತ ಇಬ್ಬರು ಗಂಡಸರನ್ನು ನೋಡಿ ಏನೂ ಅನ್ನದೆ ಹೋದಳು.

ಪಾತ್ರೆಗೆ ನಾವು ಹೆಚ್ಚು ಅಲೆಯಲಿಲ್ಲ, ಆದರೆ ಜಗಳವಾಡಿದ್ದು ಅಲ್ಲೇ. ಹುಡುಗ ಮನಸೋತಿದ್ದು ಬಚ್ಚಲುಮನೆಯ ಬಾಯ್ಲರಿಗೆ. ನಮ್ಮ ಬಡಾವಣೆಗಳ ಹಳೆಯ ಮನೆಗಳಲ್ಲೆಲ್ಲ ಇದ್ದ ವಸ್ತು ಅದು. ಎದೆಮಟ್ಟದ ತಾಮ್ರದ ಉರುಳೆ, ನಡುವೆ ಹೊಗೆ ಹೋಗುವ ಕೊಳವೆ, ಕೆಳಗೆ ಸೌದೆ ಇದ್ದಿಲಿಗೆ ಜಾಗ, ಪಕ್ಕಕ್ಕೊಂದು ಹಿತ್ತಾಳೆ ನಲ್ಲಿ. ಗೀಸರ್ ಬಂದಮೇಲೆ ಮನೆಮನೆಯಿಂದ ಗುಜರಿಗೆ ಹೊರಟವು. ನಲ್ಲಿ ಇದೆ, ತಾಮ್ರ ಇದೆ, ಮೂರು ಕಾಲಿದೆ. ಯುರೋಪಿನ ಹಳೆಯ ಬ್ರೂವರಿಗಳಲ್ಲೂ ತಾಮ್ರದ ಕಡಾಯಿಯೇ ಅಲ್ಲವೇ ಎಂದು ಅವನ ವಾದ. ನಾನು ಒಪ್ಪಲಿಲ್ಲ. ಬಾಯ್ಲರ್ ಮಾಡಿದ್ದು ಮೀಯುವ ನೀರಿಗೆ, ಕುಡಿಯುವ ನೀರಿಗಲ್ಲ. ಅದರ ಜೋಡಣೆಗೆಲ್ಲ ಬಳಸಿದ್ದು ಸೀಸ ಬೆರೆತ ಬೆಸುಗೆ. ಬೆಸುಗೆಯ ಅಂಚನ್ನು ಉಗುರಿನಿಂದ ಕೆರೆದು ತೋರಿಸಿದೆ. ಉಗುರಿಗೆ ಸಿಗುವಷ್ಟು ಮೆತ್ತಗಿತ್ತು, ಜೇಬಿನ ಬಸ್ ಟಿಕೆಟ್ಟಿನ ಬೆನ್ನಿಗೆ ಉಜ್ಜಿದರೆ ಪೆನ್ಸಿಲಿನ ಹಾಗೆ ಬೂದು ಗೆರೆ ಬಂತು. ಒಳಗೆ ಕೈ ಹೋಗುವುದಿಲ್ಲ, ಸುಣ್ಣ ಬೆರಳುದಪ್ಪ ಕಟ್ಟಿದೆ, ತಿಕ್ಕುವುದು ಹೇಗೆ? ಬಿಯರಿನವನಿಗೆ ಬೆಂಕಿಗಿಂತ ಮುಖ್ಯ ತಿಕ್ಕುವುದು. ಬಾಯಿ ಅಗಲವಿಲ್ಲದ ಪಾತ್ರೆ ಎಷ್ಟು ಚಂದವಿದ್ದರೂ ಬೇಡ.

ತಾಮ್ರದ ಹಂಡೆಯನ್ನೂ ಬಿಡಿಸಿದೆ. ಹಂಡೆಗೆ ಕಲಾಯಿ ಇರುತ್ತದೆ. ಹಳೆಯ ಕಲಾಯಿಯ ತವರದಲ್ಲಿ ಸೀಸ ಬೆರೆತಿಲ್ಲವೆಂದು ಯಾರು ಪ್ರಮಾಣ ಮಾಡುತ್ತಾರೆ? ಕಲಾಯಿ ಪೂರ್ತಿ ಕೆರೆಸಿ ಬರಿ ತಾಮ್ರ ಇಟ್ಟುಕೊಂಡರೆ ಆಗುತ್ತಿತ್ತೇನೋ. ಅಷ್ಟರಲ್ಲಿ ನಮಗೆ ಛತ್ರದ ದಾರಿ ಹೊಳೆಯಿತು.

ಚಾಮರಾಜಪೇಟೆ, ಬಸವನಗುಡಿಯಲ್ಲಿ ಛತ್ರಗಳಿಗೆ ಲೆಕ್ಕವಿಲ್ಲ. ಛತ್ರ ಇದ್ದಲ್ಲಿ ಪಾತ್ರೆ ಬಾಡಿಗೆ ಕೊಡುವವರು, ಅಡುಗೆ ಭಟ್ಟರು. ಬಾಡಿಗೆಯವರು ಹಳೆಯ ಕೊಳಗಗಳನ್ನು ತೂಕಕ್ಕೆ ಹಾಕುವ ಮುಂಚೆ ಹೋದರೆ ಕೈಗೆ ಸಿಗುತ್ತವೆ. ಇಲ್ಲಿ ಗುರುತಿಸಬೇಕಾದದ್ದು ಸ್ಟೀಲಿನ ಜಾತಿ. ಹುಡುಗ ಅಮೆರಿಕದಿಂದಲೇ ಪುಟ್ಟ ಅಯಸ್ಕಾಂತ ತಂದಿದ್ದ: ಅಂಟಿದರೆ ಕಳಪೆ, ಅಂಟದಿದ್ದರೆ ಒಳ್ಳೆಯದು ಎಂದು ಓದಿಕೊಂಡಿದ್ದ. ಆ ಮಾತು ಅರ್ಧ ಸತ್ಯ. ನೂರಕ್ಕೆ 18 ಕ್ರೋಮಿಯಂ, 8 ನಿಕಲ್ ಇರುವ 304ಕ್ಕೆ ಅಯಸ್ಕಾಂತ ಅಂಟುವುದಿಲ್ಲ, ನಿಜ. ಆದರೆ ನಿಕಲ್ ಉಳಿಸಲು ಮ್ಯಾಂಗನೀಸ್ ಬೆರೆಸಿದ 200ರ ಸಾಲಿನ ಸ್ಟೀಲಿಗೂ ಅಂಟುವುದಿಲ್ಲ. ನಮ್ಮ ಪಾತ್ರೆ ಅಂಗಡಿಗಳ ಹೊಳೆಯುವ ಮಾಲಿನಲ್ಲಿ ಈ ಎರಡನೆಯದು ಬೇಕಾದಷ್ಟಿದೆ. ಇನ್ನು ಒಳ್ಳೆಯ ಪಾತ್ರೆಯೂ ತಟ್ಟಿ ಬಗ್ಗಿಸಿದ ಅಂಚಿನಲ್ಲಿ ಸ್ವಲ್ಪ ಅಂಟೀತು. ಗುಜರಿಯವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು, ಯಾಕೆಂದರೆ ಅವರಿಗೆ ಕಿಲೋಗೆ ಬೆಲೆ ಬೇರೆ. ಒಂದು ಹನಿ ದ್ರಾವಣ ಬಿಟ್ಟು, ಬ್ಯಾಟರಿಯ ತಂತಿ ಮುಟ್ಟಿಸಿ, ಬಣ್ಣ ನೋಡಿ ಜಾತಿ ಹೇಳಿಬಿಡುತ್ತಾರೆ. ನಮ್ಮ ಕೊಳಗಕ್ಕೂ ಹಾಗೇ ಮಾಡಿಸಿದೆವು. 304 ಎಂದು ಗೊತ್ತಾದ ತಕ್ಷಣ ಬೆಲೆ ಏರಿತು. ಪರೀಕ್ಷೆಗೆ ಮುಂಚೆ ಬೆಲೆ ಕುದುರಿಸಬೇಕೆಂಬುದು ಹುಡುಗನಿಗೆ ಅಲ್ಲಿ ತಿಳಿಯಿತು, ನಾನು ಬೇಕೆಂದೇ ಸುಮ್ಮನಿದ್ದೆ.

ಆ ಕೊಳಗದ ಕಿವಿಯ ಕೆಳಗೆ ಚುಕ್ಕಿಚುಕ್ಕಿಯಾಗಿ ಒಂದು ಇನಿಷಿಯಲ್ ಕೊರೆದಿತ್ತು. ತಳದಲ್ಲಿ ಸಾರು ಹತ್ತಿದ ಕಂದು ಕಲೆ. ಎಷ್ಟು ಮದುವೆಗಳ ಹುಳಿ ಅದರಲ್ಲಿ ಕುದಿದಿತ್ತೋ, ಇಂಗಿನ ವಾಸನೆ ಹೋಗಲು ಹುಣಿಸೆಹಣ್ಣು, ಸೋಡಾಪುಡಿ, ಬಿಸಿಲು ಮೂರೂ ಬೇಕಾದವು.

ಗಿರಣಿಯ ವಿಷಯದಲ್ಲಿ ಅಕ್ಕ ನಮ್ಮಿಬ್ಬರನ್ನೂ ಮೀರಿಸಿದಳು. ಬಾರ್ಲಿ ಮಾಲ್ಟನ್ನು ಹಿಟ್ಟು ಮಾಡಬಾರದು, ಒಡೆಯಬೇಕು. ಸಿಪ್ಪೆ ಇಡಿಯಾಗಿ ಉಳಿದರೆ ಅದೇ ಸೋಸುವ ಹಾಸಿಗೆಯಾಗುತ್ತದೆ. ಹುಡುಗ ಇದನ್ನು ವಿವರಿಸುತ್ತಿದ್ದರೆ ಅಕ್ಕ, "ಮಾಲ್ಟ್ ಅಂದ್ರೆ ಮೊಳಕೆ ಕಟ್ಟಿದ್ದು ತಾನೇ? ನಿನಗೆ ಎಂಟು ತಿಂಗಳಿಂದ ಕುಡಿಸಿದ್ದೇನು?" ಎಂದು ಕೇಳಿದಳು. ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬಂದಮೇಲೆ ನೆರಳಲ್ಲಿ ಒಣಗಿಸಿ, ಬೇರು ಉಜ್ಜಿ ಕೇರಿ, ಹದವಾಗಿ ಹುರಿದು ಬೀಸುವುದು ಅವಳ ಕೈಗೆ ಬಂದ ಕೆಲಸ. ಬಾರ್ಲಿಗೂ ಕ್ರಮ ಅದೇ. ಒಣಗಿಸುವ ಬಿಸಿಯಲ್ಲಿ ವ್ಯತ್ಯಾಸ, ಅಷ್ಟೆ. ಅವಳೇ ಅಟ್ಟದಿಂದ ಕಾಫಿ ಬೀಜ ಪುಡಿಮಾಡುತ್ತಿದ್ದ ಬೀಡುಕಬ್ಬಿಣದ ಕೈಗಿರಣಿ ಇಳಿಸಿಕೊಟ್ಟಳು. ಮೇಜಿನ ಅಂಚಿಗೆ ತಿರುಪು ಬಿಗಿದು ಕೂರಿಸುವ ಜಾತಿಯದು, ಮೈಮೇಲೆ ಉಬ್ಬು ಅಕ್ಷರದಲ್ಲಿ ಸ್ಪಾಂಗ್ ಎಂದಿತ್ತು. ಆ ಇಂಗ್ಲಿಷ್ ಕಂಪನಿಯ ಗಿರಣಿಗಳಲ್ಲಿ ಅಕ್ಷರ, ನಂಬರು ಎಲ್ಲ ಎರಕದಲ್ಲೇ ಬಂದಿರುತ್ತವೆ, ಗುರುತು ಹಿಡಿಯುವುದು ಸುಲಭ. ಬೀಸುವ ಎರಡು ಹಲ್ಲೆಗಳ ನಡುವಿನ ಸಂದು ಸಡಿಲಿಸುವ ತಿರುಪು ತುಕ್ಕು ಹಿಡಿದಿತ್ತು; ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ಕೂತ ಮೇಲೆ ತಿರುಗಿತು. ಸಂದನ್ನು ಪೂರ್ತಿ ಅಗಲ ಮಾಡಿ ಒಂದು ಹಿಡಿ ಗೋಧಿ ಹಾಕಿ ನೋಡಿದರೆ ಕಾಳು ಎರಡಾಗಿ ಬಿತ್ತು. ಅಕ್ಕ ಅದನ್ನು ಬೆರಳಲ್ಲಿ ಆಡಿಸಿ, "ರವೆ ಆಯ್ತಲ್ಲ," ಎಂದು ಒಪ್ಪಿಗೆ ಕೊಟ್ಟಳು.

ಮುಚ್ಚಳ ಒತ್ತುವ ಯಂತ್ರ ಬಸವನಗುಡಿಯ ಸೋದರತ್ತೆಯ ಮನೆಯಲ್ಲೇ ಇತ್ತೆಂಬುದು ನಮಗೆ ಗೊತ್ತಿರಲಿಲ್ಲ. ಒಂದು ಕಾಲದಲ್ಲಿ ಮಹಿಳಾ ಸಮಾಜಗಳಲ್ಲಿ ಹಣ್ಣಿನ ಸಂರಕ್ಷಣೆ ಕಲಿಯುವ ಹುರುಪು ಬಂದಿತ್ತು. ಸ್ಕ್ವಾಷು, ಟೊಮೆಟೊ ಕೆಚಪ್ಪು ಮಾಡಿ ಶೀಸೆಗೆ ತುಂಬಿ, ಸೋಡಾ ಬಾಟಲಿನ ತವರದ ಮುಚ್ಚಳವನ್ನು ಕೈಯಂತ್ರದಿಂದ ಒತ್ತುತ್ತಿದ್ದರು. ಹಸಿರು ಬಣ್ಣದ ಆ ಯಂತ್ರಕ್ಕೆ ಕಂಬ, ಹಿಡಿ, ಸ್ಪ್ರಿಂಗು. ಒತ್ತುವ ಬಾಯಿ 26 ಮಿಲಿಮೀಟರಿನ ಮುಚ್ಚಳದ್ದು. ಬಿಯರ್ ಶೀಸೆಯದೂ ಅದೇ ಅಳತೆ. ಅತ್ತೆಗೆ ಆಗ ಎಂಬತ್ತರ ಹತ್ತಿರ. ಯಾವುದಕ್ಕೆ ಬೇಕೆಂದು ಹುಡುಗ ತಡವರಿಸುತ್ತಿದ್ದರೆ, "ಬಿಯರಿಗೇನೋ? ತಗೊಂಡು ಹೋಗು. ಸ್ಪ್ರಿಂಗಿಗೆ ಎಣ್ಣೆ ಬಿಡು. ಶೀಸೆ ಕತ್ತಿನ ತುಂಬ ತುಂಬಿಸ್ಬೇಡ, ಸಿಡಿಯತ್ತೆ," ಅಂದರು. ಕಿತ್ತಳೆ ಸ್ಕ್ವಾಷ್ ಹುಳಿಬಂದು ಬೀರುವಿನೊಳಗೆ ಸಿಡಿದ ಕಥೆ ಆಮೇಲೆ ಅರ್ಧ ಗಂಟೆ ನಡೆಯಿತು.

ಉಳಿದ ಸಾಮಾನಿನ ವಿಚಾರ ಹೆಚ್ಚಿಲ್ಲ. ಆಸಿಡ್ ಬರುತ್ತಿದ್ದ ದಪ್ಪ ಗಾಜಿನ ಬುಡ್ಡಿಗಳು ನೋಡಲು ಚಂದ, ಕತ್ತಿನಲ್ಲಿ ಕೂದಲಿನಂಥ ಸೀಳು ಇದ್ದೇ ಇರುತ್ತದೆ, ಕೈಬಿಟ್ಟೆವು. ರಾಸಾಯನಿಕ ತುಂಬಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಅಗ್ಗಕ್ಕೆ ಸಿಕ್ಕರೂ ಯಾರೂ ಮುಟ್ಟಬಾರದು, ಪ್ಲಾಸ್ಟಿಕ್ಕು ಕುಡಿದದ್ದನ್ನು ಬಿಡುವುದಿಲ್ಲ. ಅಲ್ಯೂಮಿನಿಯಮ್ಮಿನ ಹಾಲಿನ ಕ್ಯಾನುಗಳ ಬಾಯಿ ಸಣ್ಣದು. ಎಸ್.ಜೆ.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳ ನಡುವೆ ಸಪೂರವಾದ ಎರಡು ಸ್ಟೀಲ್ ಪಾತ್ರೆ ನಿಂತಿದ್ದವು. ಮೇಲೆ ಮೊಟ್ಟೆಯಾಕಾರದ ಮುಚ್ಚಳ, ಎರಡು ಮೂತಿ. ಹುಡುಗ ಒಂದು ಮೂತಿಯ ಮೊಳೆಗಳನ್ನು ಎಣಿಸಿದ, ಎರಡು, ಇನ್ನೊಂದರಲ್ಲಿ ಮೂರು. "ಇದು ಕೋಕ್‌ನದು ಮಾಮ. ಎರಡು ಮೊಳೆದು ಗ್ಯಾಸಿಗೆ, ಮೂರು ಮೊಳೆದು ಪಾನೀಯಕ್ಕೆ. ಪೆಪ್ಸಿದಾದ್ರೆ ಮೊಳೆ ಇರಲ್ಲ," ಅಂದ. ಹೋಟೆಲಿನ ಸೋಡಾ ಯಂತ್ರದ ಷರಬತ್ತಿನ ಡಬ್ಬಿ, ಐದು ಗ್ಯಾಲನ್ ಅಂದರೆ 19 ಲೀಟರು ಹಿಡಿಯುತ್ತದಂತೆ. ಅಲ್ಲಿ ಗುರು ನಾನಲ್ಲ. ಅವನ ಊರಿನಲ್ಲಿ ಅವು ಧಾರಾಳವಾಗಿ ಸಿಗುವುದರಿಂದ ಕೊಳ್ಳಲಿಲ್ಲ.

ಕೊನೆಯದು ಹುಡುಗ ಊರಿಗೆ ಹೋದಮೇಲೆ ನನ್ನ ಕೈಗೆ ಸಿಕ್ಕ ಪೆಟ್ಟಿಗೆ. ಅದೇ ಸಾಬರು ಎತ್ತಿಟ್ಟಿದ್ದರು. ಕೆಂಪುಗಂದು ಮರ, ಒಳಗೆ ಬಣ್ಣಗೆಟ್ಟ ಮಖಮಲ್ಲು. ಮಖಮಲ್ಲಿನ ಗುಂಡಿಯಲ್ಲಿ ಹಿತ್ತಾಳೆಯ ಗುಂಡು. ಅದರ ಮೇಲೆ ಚಪ್ಪಟೆಯಾದ ಕಡ್ಡಿ, ಹತ್ತು ಭಾಗ, ಒಂದೊಂದಕ್ಕೂ ಐದೈದು ಸಣ್ಣ ಗೆರೆ. ಕೆಳಗೆ ಇನ್ನೊಂದು ಮೋಟು ಕಡ್ಡಿ. ಪಕ್ಕದಲ್ಲಿ ಸೀಳು ಇರುವ ದುಂಡು ತೂಕಗಳ ಸಾಲು, 10, 20, 30 ಎಂದು ಅಂಕಿ. ಮುಚ್ಚಳದಲ್ಲಿ ಡ್ರಿಂಗ್ ಅಂಡ್ ಫೇಜ್, ಲಂಡನ್. ಹೈಡ್ರೋಮೀಟರೇ ಎಂದು ಗೊತ್ತಾಯಿತು. ಇದೇ ಕಂಪನಿಯವರು ಬ್ರೂವರಿಗಳಿಗೆಂದೇ ಸಕ್ಕರೆ ಅಳೆಯುವ ಹಿತ್ತಾಳೆಯವನ್ನೂ ಮಾಡುತ್ತಿದ್ದರು. ಹುಡುಗನಿಗೆ ಬರೆಯುವ ಮುಂಚೆ ಅದು ಹೌದೋ ಅಲ್ಲವೋ ತಿಳಿಯಬೇಕಿತ್ತು.

ಬೆಳಿಗ್ಗೆ ಬ್ಯೂಗಲ್ ರಾಕ್ ಉದ್ಯಾನದಲ್ಲಿ ನಮ್ಮ ಜೊತೆ ನಡೆಯುತ್ತಿದ್ದ ಒಬ್ಬರು ಅಬಕಾರಿ ಇಲಾಖೆಯಿಂದ ನಿವೃತ್ತರಾದವರು. ಮನೆಗೆ ಕಾಫಿಗೆ ಕರೆದು ಪೆಟ್ಟಿಗೆ ತೆರೆದು ಮುಂದಿಟ್ಟೆ. ಅವರು ಕಪ್ಪು ಕೆಳಗಿಟ್ಟು ಕನ್ನಡಕ ಹಾಕಿಕೊಂಡರು. "ಅಯ್ಯೋ, ಇದು ನಮ್ಮದೇ ಅಲ್ವೇನ್ರೀ. ಸೈಕ್ಸ್!" ಬ್ರಿಟನ್ನಿನವರು 1816ರಲ್ಲಿ ಕಾನೂನಿಗೆ ತಂದು, 1980ರಲ್ಲಿ ಕೈಬಿಟ್ಟ ಮದ್ಯದ ಅಳತೆಗೋಲು ಅದು. ಬ್ರಾಂದಿ, ರಮ್, ಸ್ಪಿರಿಟ್ಟಿಗೆ, ನೀರಿಗಿಂತ ಹಗುರವಾದದ್ದಕ್ಕೆ. ಬಿಯರ್ ಮಾಡುವವನ ಸಿಹಿನೀರು ನೀರಿಗಿಂತ ಭಾರ, ಅಲ್ಲಿ ಇದಕ್ಕೆ ಕೆಲಸವಿಲ್ಲ. ಅವರು ಮೋಟು ಕಡ್ಡಿಗೆ ತೂಕಗಳನ್ನು ಒಂದೊಂದಾಗಿ ಸಿಕ್ಕಿಸಿ ತೆಗೆದರು, ಬೆರಳು ಮರೆತಿರಲಿಲ್ಲ. ನಡುವೆ ತಡೆದು, "60 ಇಲ್ಲ. ಯಾರೋ ತೂಕಕ್ಕೆ ಹಾಕಿಬಿಟ್ಟಿದಾರೆ," ಅಂದರು. ಪ್ರೂಫ್ ಸ್ಪಿರಿಟ್ ಅಳೆಯುವ ತೂಕವೇ ಅದಂತೆ. ನಮ್ಮ ಶೀಸೆಗಳ ಮೇಲೆ ನೂರಕ್ಕೆ 42.8 ಎಂದೂ 75 ಡಿಗ್ರಿ ಪ್ರೂಫ್ ಎಂದೂ ಬರೆದಿರುವುದು ಒಂದೇ ಲೆಕ್ಕ, ಹಳೆಯದೊಂದು ಹೊಸದೊಂದು, ಎಂದು ವಿವರಿಸಿದರು.

ಆಮೇಲೆ ನನ್ನ ಮುಖ ನೋಡಿ, "ಇದೆಲ್ಲ ನಿಮಗ್ಯಾಕೆ?" ಅಂದರು. ಹೇಳಿದೆ. ಕೊಳಗ, ಗಿರಣಿ, ಅತ್ತೆಯ ಯಂತ್ರ ಎಲ್ಲ. ಅವರು ಇಲಾಖೆಯ ದನಿಯಲ್ಲಿ, "ಇಲ್ಲಿ ಮಾಡಿದ್ರೆ ಕೇಸು. ಮಾಡಕ್ಕೆ ಅಂತ ಪಾತ್ರೆ ಇಟ್ಕೊಂಡ್ರೂ ಕೇಸೇ," ಎಂದು ಬೆರಳು ಎತ್ತಿದರು. ಪಾತ್ರೆಯಲ್ಲಿ ಹೋದದ್ದು ಚಟ್ನಿಪುಡಿ ಎಂದೆ. ನಕ್ಕರು. "ಹೋಗ್ಲಿ, ಅವನಿಗೆ ಎಷ್ಟು ಬಂತಂತೆ?" ಹುಡುಗನ ಕಾಗದ ನನ್ನ ಹತ್ತಿರವೇ ಇತ್ತು: ಶುರು 1.052, ಕೊನೆ 1.012. ನಾನು ಕಾಗದದ ಮೇಲೆ ಗುಣಿಸಿ 5.24 ಎಂದು ಹೇಳುವುದರೊಳಗೆ ಅವರು ಮನಸ್ಸಿನಲ್ಲೇ ಅದನ್ನು ಪ್ರೂಫಿಗೆ ತಿರುಗಿಸಿ ಮುಗಿಸಿದ್ದರು.

"ಒಂಬತ್ತು ಪ್ರೂಫ್, ಚಿಲ್ಲರೆ. ಅದಕ್ಕೆ ಇಷ್ಟೆಲ್ಲ ಸಾಮಾನೇನ್ರೀ!"